ಗಂಡನ ಹೆಸರಿನ ಖಾನೆ

ಕಣ್ಣಿನ ಆಸ್ಪತ್ರೆಯಲ್ಲಿ ಇಪ್ಪತ್ತೆಂಟು ವರ್ಷ ದುಡಿದೆ. ಒಬ್ಬರ ಕಣ್ಣನ್ನೂ ಮುಟ್ಟಲಿಲ್ಲ. ಹೆಸರು, ಊರು, ವಯಸ್ಸು, ಎಡಗಣ್ಣೋ ಬಲಗಣ್ಣೋ ಎಂದು ಬರೆಯುವುದೇ ನನ್ನ ಕೆಲಸ. ಮೊದಲು ರಿಜಿಸ್ಟರಿನಲ್ಲಿ ಬರೆದೆ, ಆಮೇಲೆ ಕಂಪ್ಯೂಟರಿನಲ್ಲಿ. ನಿವೃತ್ತಳಾಗಿ ಎರಡು ವರ್ಷವಾಯಿತು. ಈಗ ನನ್ನ ಕುರ್ಚಿಯಲ್ಲಿ ಕೂತಿರುವ ಹುಡುಗಿ ಮೊನ್ನೆ ಮನೆಗೆ ಬಂದಿದ್ದಳು. ಚಹಾ ಕುಡಿಯುತ್ತ, 'ಮೇಡಂ, ನಿಮ್ಮ ಸ್ಕ್ರಿಪ್ಟಿನಾಗ ಒಂದ್ ಕಡಿ ವಾರ್ನಿಂಗ್ ಅದ, ಒಂದ್ ಕಡಿ ಎರರ್ ಅದ. ಎಲ್ಲಾ ಒಂದೇ ಮಾಡಿಬಿಡ್ಲೇನ್ರಿ?' ಎಂದು ಕೇಳಿದಳು. ಬೇಡ ತಾಯಿ, ಕುಂದ್ರು ಎಂದು ಹೇಳಲು ಶುರುಮಾಡಿದೆ. ಅವಳ ಬಸ್ಸಿನ ಹೊತ್ತಾದರೂ ಮಾತು ಮುಗಿಯಲಿಲ್ಲ. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ಸಣ್ಣ ಆಸ್ಪತ್ರೆ. ಹೆಸರು ಬೇಡ. ಇಬ್ಬರು ಡಾಕ್ಟರು, ನಾಲ್ವರು ನರ್ಸುಗಳು, ಒಂದು ವ್ಯಾನು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆಯ ಹಳ್ಳಿಗಳಿಗೆ ಹೋಗಿ ಶಿಬಿರ ಹಾಕುತ್ತಿದ್ದೆವು. ಕಣ್ಣಿಗೆ ಪೊರೆ ಬಂದವರನ್ನು ಗುರುತಿಸಿ ಪಟ್ಟಿ ಮಾಡುತ್ತಿದ್ದೆವು. ಆಮೇಲೆ ಪಾಳಿ ಪ್ರಕಾರ ವ್ಯಾನಿನಲ್ಲಿ ಕರೆತಂದು, ಆಪರೇಷನ್ ಮಾಡಿ, ಮನೆಗೆ ಮುಟ್ಟಿಸುತ್ತಿದ್ದೆವು. ಪಟ್ಟಿಯಲ್ಲಿ ಹೆಸರಿದ್ದರೆ ವ್ಯಾನು ಹತ್ತಬಹುದು, ಇಲ್ಲದಿದ್ದರೆ ಇಲ್ಲ. ಆ ಪಟ್ಟಿ ನನ್ನ ಕೈಯಲ್ಲಿತ್ತು.

ಕಂಪ್ಯೂಟರ್ ಬಂದಾಗ ದೊಡ್ಡ ಸಾಫ್ಟ್‌ವೇರ್ ತರುವ ತಾಕತ್ತು ನಮಗೆಲ್ಲಿಯದು? ವಾಡಿಯ ಕಾರ್ಖಾನೆಯೊಂದರಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ವೆಂಕಟರೆಡ್ಡಿ ಎಂಬುವರು ತಮ್ಮ ತಾಯಿಯ ಆಪರೇಷನ್ನಿಗೆ ಬಂದಿದ್ದರು. ನನ್ನ ಪರದಾಟ ನೋಡಿ ಮರುಗಿ, ಪುಕ್ಕಟೆ ಸಿಗುವ ಒಂದು ಟೆಕ್ಸ್ಟ್ ಎಡಿಟರ್ ಹಾಕಿಕೊಟ್ಟರು. ಎಡಿಟರ್ ಎಂದರೆ ಅಕ್ಷರ ಬರೆಯಲು ಇರುವ ಬರಿಯ ಹಾಳೆ ಅಂದುಕೊಳ್ಳಿ. ಒಬ್ಬ ರೋಗಿಗೆ ಒಂದು ಸಾಲು, ಸಾಲಿನ ನಡುವೆ ಗೀಟು ಹಾಕಿ ಖಾನೆಗಳು. ಆದರೆ ಆ ಎಡಿಟರಿನೊಳಗೆ ಅದರದೇ ಒಂದು ಪುಟ್ಟ ಭಾಷೆ ಇತ್ತು. ಆ ಭಾಷೆಯಲ್ಲಿ ಅಪ್ಪಣೆಗಳನ್ನು ಬರೆದಿಟ್ಟರೆ ಅದು ಒಂದೊಂದು ಸಾಲನ್ನೂ ತಾನೇ ನೋಡಿ ಕೊರತೆ ಹುಡುಕುತ್ತಿತ್ತು. ಅಂಥ ಅಪ್ಪಣೆಗಳ ಕಟ್ಟಿಗೆ ಸ್ಕ್ರಿಪ್ಟ್ ಎನ್ನುತ್ತಾರೆ.

ರೆಡ್ಡಿಯವರು ಆರು ತಿಂಗಳು ಭಾನುವಾರಗಳಂದು ಬಂದು ನನಗೆ ಅದನ್ನು ಕಲಿಸಿದರು. ಗುಡಿ ಪೂಜೆಯ ಮನೆತನದಲ್ಲಿ ಹುಟ್ಟಿದವಳು ನಾನು. ಮಡಿ ಮೈಲಿಗೆಯ ನೂರೆಂಟು ನಿಯಮ ಪಾಲಿಸಿ ಬೆಳೆದಿದ್ದೆ. ಆದರೂ ಅದರ ಕಂಸಗಳ ಕಾಟಕ್ಕೆ ತಲೆ ಚಿಟ್ಟು ಹಿಡಿಯುತ್ತಿತ್ತು. ಒಂದು ಕಂಸ ಮುಚ್ಚಲು ಮರೆತರೆ ಇಡೀ ಸ್ಕ್ರಿಪ್ಟು ಮುಷ್ಕರ ಹೂಡುತ್ತಿತ್ತು. ಒಂದು ಭಾನುವಾರ ಸಿಟ್ಟು ಬಂದು ಕಂಪ್ಯೂಟರಿನ ಮೇಲೆ ಟವೆಲ್ ಹೊದೆಸಿ ಮನೆಗೆ ಬಂದುಬಿಟ್ಟಿದ್ದೆ. ಸೋಮವಾರ ರೆಡ್ಡಿಯವರೇ ಫೋನ್ ಮಾಡಿ ನನ್ನನ್ನು ಸಮಾಧಾನ ಮಾಡಿದರು.

ಅವರು ಕಲಿಸಿದ್ದರಲ್ಲಿ ಎರಡು ಅಪ್ಪಣೆಗಳು ಈ ಕಥೆಗೆ ಮುಖ್ಯ. ಒಂದು ವಾರ್ನಿಂಗ್. ಕೊರತೆ ಕಂಡರೆ ಪರದೆಯ ಕೆಳಗಡೆ ಹಳದಿ ಬಣ್ಣದಲ್ಲಿ ಒಂದು ಸಾಲು ಬರೆದು, ಕೆಲಸವನ್ನು ಮುಂದಕ್ಕೆ ಬಿಡುತ್ತದೆ. ಇನ್ನೊಂದು ಎರರ್. ಕೊರತೆ ಕಂಡ ಜಾಗದಲ್ಲೇ ಕೆಂಪು ಅಕ್ಷರ ತೋರಿಸಿ ನಿಂತುಬಿಡುತ್ತದೆ. ಅದನ್ನು ಸರಿಪಡಿಸುವ ತನಕ ಒಂದು ಹೆಜ್ಜೆಯೂ ಮುಂದಿಲ್ಲ. 'ಮುಂದ ಹೋದ್ರ ರೋಗಿಗಿ ಧೋಕಾ ಆಗ್ತದಂದ್ರ ಎರರ್ ಹಾಕ್ರಿ ಪದ್ಮಾಬಾಯಿ. ಯಾರರ ನೋಡಿ ವಿಚಾರ ಮಾಡ್ಬೇಕಂದ್ರ ವಾರ್ನಿಂಗ್ ಹಾಕ್ರಿ' ಎಂದಿದ್ದರು ರೆಡ್ಡಿಯವರು. ನಾನು ಎಲ್ಲ ತಿಳಿದವಳ ಹಾಗೆ ತಲೆಯಾಡಿಸಿದ್ದೆ.

ಮೊದಲ ಎರಡು ವರ್ಷ ನನ್ನ ಸ್ಕ್ರಿಪ್ಟಿನಲ್ಲಿ ಎಲ್ಲವೂ ವಾರ್ನಿಂಗ್ ಆಗಿತ್ತು. ಕೆಲಸ ನಿಲ್ಲಬಾರದು ಎಂಬುದು ನನ್ನ ಹಟ. ಊರಿನ ಹೆಸರು ಬಿಟ್ಟುಹೋದರೂ ಹಳದಿ ಸಾಲು, ವಯಸ್ಸು ಬಿಟ್ಟುಹೋದರೂ ಹಳದಿ ಸಾಲು. ಒಂದು ಶಿಬಿರದ ಪಟ್ಟಿ ಓಡಿಸಿದರೆ ಪರದೆಯ ಕೆಳಗೆ ಹಳದಿ ಸಾಲುಗಳು ಉದ್ದಕ್ಕೆ ಹರಿಯುತ್ತಿದ್ದವು. ಮೊದಮೊದಲು ಓದಿದೆ. ಆಮೇಲೆ ಕಣ್ಣಾಡಿಸಿದೆ. ಆಮೇಲೆ ಪರದೆಯ ಕೆಳಗೆ ನೋಡುವುದನ್ನೇ ಬಿಟ್ಟೆ.

ಆಗ ಚಿಂಚೋಳಿ ಕಡೆಯ ಕೊಡ್ಲಿಯಲ್ಲಿ ಶಿಬಿರವಾಯಿತು. ಅಲ್ಲಿಂದ ಬಂದ ರೈತರೊಬ್ಬರನ್ನು ಆಪರೇಷನ್ ಕೋಣೆಯ ಬಾಗಿಲ ತನಕ ಒಯ್ದ ಮೇಲೆ ನರ್ಸು ರಕ್ತ ಪರೀಕ್ಷೆ ಮಾಡಿದಳು. ಸಕ್ಕರೆ ಮಿತಿಮೀರಿತ್ತು. ವಾಪಸು ಕಳಿಸಿದರು. ಗುಳಿಗೆ ನುಂಗಿ ಬಂದರು, ಮತ್ತೆ ವಾಪಸು. ಮೂರನೆಯ ಸಲ ಆಪರೇಷನ್ ಆಯಿತು. ಹೋಗುವಾಗ ನನ್ನ ಮೇಜಿನ ಮುಂದೆ ನಿಂತು, ಮೊದಲೇ ಹೇಳಿದ್ದರೆ ಮೂರು ಸಲ ಅಷ್ಟು ದೂರದಿಂದ ಉಪವಾಸ ಬರುತ್ತಿರಲಿಲ್ಲವಲ್ಲ ಎಂದು ನೊಂದು ಹೇಳಿದರು. ಶಿಬಿರದ ಸಾಲಿನಲ್ಲಿ ಅವರ ಸಕ್ಕರೆಯ ಖಾನೆ ಖಾಲಿಯಿತ್ತು. ನನ್ನ ಸ್ಕ್ರಿಪ್ಟು ಅದನ್ನು ಹಳದಿಯಲ್ಲಿ ಬರೆದೂ ಇತ್ತು.

ನಮ್ಮ ದೊಡ್ಡ ಡಾಕ್ಟರು ಬೈಯುವವರಲ್ಲ. ಬೈದಿದ್ದರೆ ನಾನೂ ಎರಡು ಮಾತಾಡಿ ಹಗುರಾಗುತ್ತಿದ್ದೆ. ಅವರು ಬಂದು ಪರದೆ ನೋಡಿ, 'ಪದ್ಮಾಬಾಯಿ, ಈ ಹಳದಿ ಸಾಲು ಓದೋರು ಯಾರು?' ಎಂದಷ್ಟೇ ಕೇಳಿ ಹೋದರು.

ನನ್ನ ಮೂಗಿನ ತುದಿಯಲ್ಲೇ ಸಿಟ್ಟು ಎಂದು ನಮ್ಮ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಅಂದು ಮಧ್ಯಾಹ್ನ ಊಟಕ್ಕೂ ಏಳಲಿಲ್ಲ. ಎಡಿಟರಿನಲ್ಲಿ ಹುಡುಕಿ ಬದಲಿಸುವ ಸೌಲಭ್ಯವೊಂದಿದೆ. ಸ್ಕ್ರಿಪ್ಟಿನಲ್ಲಿ ವಾರ್ನಿಂಗ್ ಎಂದಿರುವಲ್ಲೆಲ್ಲ ಎರರ್ ಎಂದು ಬದಲಿಸು ಎಂದು ಒಂದೇ ಅಪ್ಪಣೆ ಕೊಟ್ಟೆ. ಕಣ್ಣು ಮಿಟುಕಿಸುವುದರೊಳಗೆ ಆಗಿಹೋಯಿತು. ಯಾವುದು ಯಾಕೆ ಎಂದು ಒಂದನ್ನೂ ತೆರೆದು ನೋಡಲಿಲ್ಲ. ಸಕ್ಕರೆಯ ಖಾನೆಯೂ ಗಂಡನ ಹೆಸರಿನ ಖಾನೆಯೂ ಆ ಗಳಿಗೆಯಲ್ಲಿ ಸಮನಾದವು.

ಆಮೇಲಿನ ಪಟ್ಟಿಗಳು ಎಷ್ಟು ಚೊಕ್ಕಟವಾಗಿದ್ದವೆಂದರೆ ನನಗೆ ಕೊಂಬು ಬಂದಿತ್ತು. ಎಲ್ಲಿಯೂ ಒಂದು ಖಾಲಿ ಖಾನೆ ಇಲ್ಲ. ಬೇರೆ ಊರಿನ ಆಸ್ಪತ್ರೆಯವರು ಬಂದು ನೋಡಿ ಹೊಗಳಿ ಹೋದರು. ಶಿಬಿರಗಳಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂಡುತ್ತಿದ್ದ ಮೆಹಬೂಬ್ ಸಾಬರು ಮಾತ್ರ ದಿನೇದಿನೇ ಸಪ್ಪಗಾದರು. ಅವರು ನನ್ನ ಓರಗೆಯವರು, ರಿಜಿಸ್ಟರ್ ಕಾಲದಿಂದ ಜೊತೆಗೆ ದುಡಿದವರು, ಒಂದು ದಿನ ಗೈರುಹಾಜರಾದವರಲ್ಲ. ಆಡಕಿಯ ಶಿಬಿರದಿಂದ ಬಂದವರು ನನ್ನೆದುರು ಕುರ್ಚಿ ಎಳೆದುಕೊಂಡು, 'ಮೇಡಂ, ಮುದುಕ್ಯಾರು ಗಂಡನ ಹೆಸರು ಹೇಳಂಗಿಲ್ರಿ. ಸೆರಗು ಬಾಯಿಗಿ ಹಿಡಿದು ನಗ್ತಾರ. ಮಷೀನ್ ಮುಂದ ಬಿಡಂಗಿಲ್ಲ. ಹಿಂದ ಪಾಳಿ ನಿಂತೋರು ನನಗ ಬೈಲಿಕತ್ಯಾರ' ಎಂದರು.

ನಮ್ಮ ಕಡೆ ಹಳೆಯ ಹೆಂಗಸರು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ. ಬಹಳ ಒತ್ತಾಯ ಮಾಡಿದರೆ ಪಕ್ಕದವಳ ಮೊಣಕೈ ತಿವಿದು ಅವಳಿಂದ ಹೇಳಿಸುತ್ತಾರೆ. ಇದು ನನಗೆ ಗೊತ್ತಿರದ ಸಂಗತಿಯಲ್ಲ. ಗೊತ್ತಿದ್ದೂ, ಬಾಯಿ ಬಿಡಿಸುವುದು ನಿಮ್ಮ ಕೆಲಸ, ಹೇಗಾದರೂ ತುಂಬಿರಿ ಎಂದು ಸಾಬರ ಬಾಯಿ ಮುಚ್ಚಿಸಿದೆ. ಅವರು ಜೀ ಎಂದು ಎದ್ದುಹೋದರು. ಅಂದಿನಿಂದ ಅವರ ತಕರಾರು ನಿಂತಿತು, ಖಾನೆಯೂ ತುಂಬುತ್ತ ಬಂತು. ಹೇಗೆ ತುಂಬುತ್ತಿದೆ ಎಂದು ನಾನು ಕೇಳಲಿಲ್ಲ.

ಒಂದು ದಿನ ಬೆಳಗಿನ ಹನ್ನೊಂದರ ಹೊತ್ತು. ಹೊರರೋಗಿಗಳ ಕಿಟಕಿಯ ಹತ್ತಿರ ಗಲಾಟೆ ಕೇಳಿ ಎದ್ದು ಹೋದೆ. ಎಪ್ಪತ್ತರ ಆಚೆಗಿನ ಒಬ್ಬ ಹೆಂಗಸು ಸೊಸೆಯ ಭುಜ ಹಿಡಿದು ನಿಂತಿದ್ದರು. ಎಡಗಣ್ಣು ಯಾವತ್ತೋ ಹೋಗಿತ್ತು. ತೊಗರಿ ಕೊಯ್ಯುವಾಗ ಕಡ್ಡಿ ಬಡಿದದ್ದಂತೆ. ಬಲಗಣ್ಣು ಕೆಂಡದಂತೆ ಕೆಂಪಾಗಿ ನೀರು ಸುರಿಯುತ್ತಿತ್ತು. ಹೆಸರು ನಾಗಮ್ಮ. ಚಿತ್ತಾಪುರ ತಾಲ್ಲೂಕಿನಲ್ಲಿ ಕಾಗಿಣಾ ನದಿಯ ದಂಡೆಯ ಊರು. ಮಗ ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಕೆಲಸ ಮಾಡುತ್ತಾನೆ. ಕಿಟಕಿಯಲ್ಲಿದ್ದವಳು ಕಂಪ್ಯೂಟರ್ ನೋಡಿ, ನಿಮ್ಮ ಆಪರೇಷನ್ ಆಗಲೇ ಆಗಿದೆ, ಮತ್ತೆ ಯಾಕೆ ಬಂದಿರಿ ಎಂದು ಕೇಳುತ್ತಿದ್ದಳು.

ಏನಾಯಿತವ್ವಾ ಎಂದೆ. ನಾಗಮ್ಮ ನನ್ನ ದನಿ ಬಂದ ಕಡೆಗೆ ಮುಖ ತಿರುಗಿಸಿ ಹೇಳಿದರು: 'ಯವ್ವಾ, ಎಲ್ಲಾರೂ ಆಪರೇಷನ್ ಆಗ್ಯದ ಅಂತಾರ. ಊರಾಗಿನ ಆಶಾ ಕಾರ್ಯಕರ್ತಿನೂ ಹಂಗೇ ಅಂತಾಳ. ಆಗಿದ್ರ ನನಗ ಯಾಕ ಕಾಣವಲ್ದು?'

ಅವರನ್ನು ಆ ಕ್ಷಣವೇ ದೊಡ್ಡ ಡಾಕ್ಟರ ಕೋಣೆಗೆ ಕರೆದೊಯ್ದೆ. ಡಾಕ್ಟರು ನೋಡಿದವರೇ ಹನಿ ಹಾಕಿಸಿದರು, ಸೂಜಿ ಕೊಡಿಸಿದರು. ಆಮೇಲೆ ನನ್ನನ್ನು ಹೊರಗೆ ಕರೆದು ಹೇಳಿದರು. ಪೊರೆ ಬಲಿತು ಉಬ್ಬಿ ಕಣ್ಣಿನ ಒತ್ತಡ ಏರಿದೆ, ಇವತ್ತೇ ಆಪರೇಷನ್ ಮಾಡಬೇಕು, ಒಳಗಿನ ನರ ಎಷ್ಟು ಉಳಿದಿದೆಯೋ ಆಮೇಲಷ್ಟೇ ಗೊತ್ತಾಗುತ್ತದೆ. ಎರಡು ತಿಂಗಳ ಹಿಂದೆ ಬಂದಿದ್ದರೆ ಇದು ದಿನವೂ ಮಾಡುವ ಸಾದಾ ಕೆಲಸವಾಗಿತ್ತಂತೆ. ಇರುವುದು ಅದೊಂದೇ ಕಣ್ಣು.

ಅವರನ್ನು ಒಳಗೆ ಕರೆದೊಯ್ದ ಮೇಲೆ ನಾನು ಬಂದು ಆ ಊರಿನ ಪಟ್ಟಿಯನ್ನು ತೆರೆದೆ. ನಾಗಮ್ಮ, ಗಂಡನ ಹೆಸರು ಸಾಬಣ್ಣ, ಹುಟ್ಟಿದ ದಿನ ಜನವರಿ ಒಂದು, ಆಪರೇಷನ್ ಆಗಿದೆ. ಅದರ ಕೆಳಗೆ ಮಲ್ಲಮ್ಮ, ಗಂಡ ಸಾಬಣ್ಣ. ಅದರ ಕೆಳಗೆ ಶಿವಮ್ಮ, ಗಂಡ ಸಾಬಣ್ಣ. ಎಣಿಸುತ್ತ ಹೋದೆ. ಆ ಒಂದೇ ಊರಿನಲ್ಲಿ ಸಾಬಣ್ಣನಿಗೆ ಹದಿನಾಲ್ಕು ಜನ ಹೆಂಡಂದಿರು. ಸುಳ್ಳು ಯಾಕೆ ಹೇಳಲಿ, ನನಗೆ ನಗು ಬಂದುಬಿಟ್ಟಿತು. ಒಳಗೆ ಆ ತಾಯಿ ಮೇಜಿನ ಮೇಲೆ ಮಲಗಿರುವಾಗ ಇಲ್ಲಿ ನಾನು ನಕ್ಕೆ. ಅದು ಈಗಲೂ ನನ್ನನ್ನು ಚುಚ್ಚುತ್ತದೆ.

ಸಾಬರನ್ನು ಕರೆಸಿದೆ. ಅವರು ಏನನ್ನೂ ಮುಚ್ಚಿಡಲಿಲ್ಲ. ಸಾಬಣ್ಣ ಎಂದರೆ ಆ ಊರಿನ ಶಿಬಿರದಲ್ಲಿ ಮೈಕು ಹಿಡಿದು ಜನರನ್ನು ಸಾಲುಗೂಡಿಸಿದ ಹಿರಿಯ. ಗಂಡನ ಹೆಸರು ಹೇಳದವರಿಗೆಲ್ಲ ಕಣ್ಣೆದುರು ಇದ್ದ ಅವನ ಹೆಸರನ್ನೇ ಬರೆದರೆ ಮಷೀನು ಮುಂದಕ್ಕೆ ಬಿಡುತ್ತಿತ್ತು. ಪ್ರತಿ ಊರಿನಲ್ಲೂ ಹೀಗೆಯೇ ಒಬ್ಬನನ್ನು ಹಿಡಿದಿದ್ದರು. 'ಖಾಲಿ ಬಿಟ್ರ ನಿಂದ್ರತದ, ಸುಳ್ಳು ಬರದ್ರ ಓಡ್ತದ. ನಾ ಏನ್ ಮಾಡ್ಲಿ ಮೇಡಂ?' ಎಂದರು. ಅವರ ಕಣ್ಣಲ್ಲಿ ನೀರಿತ್ತು.

ಮುಂದಿನದನ್ನು ನಾನೇ ಜೋಡಿಸಿಕೊಂಡೆ. ಆ ಊರಿನಲ್ಲಿ ನಾಗಮ್ಮ ಎಂಬ ಹೆಸರಿನವರು ಇಬ್ಬರಿದ್ದರು. ಹುಟ್ಟಿದ ದಿನ ಗೊತ್ತಿಲ್ಲದ ಹಿರಿಯರಿಗೆ ಎಲ್ಲ ಕಾಗದಗಳಲ್ಲೂ ಜನವರಿ ಒಂದೇ ಇರುತ್ತದೆ. ಫೋನ್ ನಂಬರು ಊರಿಗೆಲ್ಲ ಆಶಾ ಕಾರ್ಯಕರ್ತೆಯದೇ. ಈಗ ಗಂಡನೂ ಒಬ್ಬನೇ ಆದ. ಒಬ್ಬರೇ ಎರಡು ಸಲ ಹೆಸರು ಬರೆಸಬಾರದೆಂದು ನಾನು ಸ್ಕ್ರಿಪ್ಟಿನಲ್ಲಿ ಒಂದು ತಪಾಸಣೆ ಇಟ್ಟಿದ್ದೆ. ಹೆಸರು, ಊರು, ಹುಟ್ಟಿದ ದಿನ, ಫೋನು, ಗಂಡನ ಹೆಸರು ಹೊಂದಿಕೆಯಾದರೆ ಮೊದಲು ಹಳದಿ ಸಾಲು ಬರುತ್ತಿತ್ತು. ನನ್ನ ಆ ಮಧ್ಯಾಹ್ನದ ಸಿಟ್ಟಿನ ನಂತರ ಅಲ್ಲಿಯೂ ಎರರ್ ಬಂದು ಕೆಲಸ ನಿಲ್ಲತೊಡಗಿತು. ಹಾಗೆ ನಿಂತರೆ ಎರಡನೆಯ ಸಾಲನ್ನು ಅಳಿಸಿ ಮುಂದೆ ಹೋಗಿರಿ ಎಂದು ಸಾಬರಿಗೆ ಹೇಳಿದವಳೂ ನಾನೇ. ಅವರು ಅಳಿಸಿದ್ದರು. ವ್ಯಾನು ಆ ಊರಿಗೆ ಹೋದ ದಿನ ಒಬ್ಬ ನಾಗಮ್ಮ ಹತ್ತಿದರು. ಇನ್ನೊಬ್ಬ ನಾಗಮ್ಮ ಗಂಟು ಕಟ್ಟಿಕೊಂಡು ಕಟ್ಟೆಯ ಮೇಲೆ ಕೂತೇ ಇದ್ದರು. ಮುಂದಿನ ಸಲ ವ್ಯಾನು ಬಂದಾಗ, ನಿನ್ನದು ಆಗಿದೆ ಹೋಗು ಎಂದು ಡ್ರೈವರ್ ಪಟ್ಟಿ ನೋಡಿ ಹೇಳಿದ. ಕಣ್ಣು ಕಾಣದವರ ಮಾತಿಗಿಂತ ನನ್ನ ಕಾಗದದ ಮಾತು ದೊಡ್ಡದಾಯಿತು.

ಮರುದಿನ ಕಣ್ಣಿಗೆ ಕಟ್ಟಿದ್ದ ಬ್ಯಾಂಡೇಜು ಬಿಚ್ಚಿದರು. ಡಾಕ್ಟರು ಬೆರಳು ಹಿಡಿದು ಎಷ್ಟು ಎಂದು ಕೇಳಿದರು. ನಾಗಮ್ಮನಿಗೆ ಬೆರಳು ಕಾಣಲಿಲ್ಲ. ಕಿಟಕಿ ಎಲ್ಲಿದೆ ಎಂದು ಕೇಳಿದಾಗ ತೋರಿಸಿದರು. ಅಡ್ಡ ಬಂದವರ ನೆರಳು ಗೊತ್ತಾಗುತ್ತಿತ್ತು, ಮುಖ ಗೊತ್ತಾಗುತ್ತಿರಲಿಲ್ಲ. ನೋವು ಮಾತ್ರ ಪೂರ್ತಿ ಹೋಗಿತ್ತು. ಇಷ್ಟಾದರೂ ಉಳಿಯಿತು, ಇದಕ್ಕಿಂತ ಹೆಚ್ಚು ಬರಲಾರದು ಎಂದು ಡಾಕ್ಟರು ಸೊಸೆಗೆ ನಿಧಾನವಾಗಿ ತಿಳಿಸಿ ಹೇಳಿದರು.

ಅವರೆಲ್ಲ ಹೋದ ಮೇಲೆ ನಾನು ನಾಗಮ್ಮನ ಮಂಚದ ಅಂಚಿನಲ್ಲಿ ಕೂತೆ. ತಪ್ಪು ಮಷೀನಿನದು ಎಂದು ಯಾರೋ ಆಗಲೇ ಅವರಿಗೆ ಹೇಳಿದ್ದರು. ನನಗೆ ಅದು ಸಲೀಸಾದ ದಾರಿಯಾಗಿತ್ತು. ಆದರೆ ಆ ದಾರಿ ಹಿಡಿಯಲಿಲ್ಲ. ಅವ್ವಾ, ಆ ಮಷೀನಿಗೆ ಹಾಗೆ ಮಾಡು ಎಂದು ಹೇಳಿಕೊಟ್ಟವಳು ನಾನು, ಗಂಡನ ಹೆಸರಿಲ್ಲದೆ ಯಾರನ್ನೂ ಮುಂದೆ ಬಿಡಬೇಡ ಎಂದು ಬರೆದವಳು ನಾನು ಎಂದು ಎಲ್ಲವನ್ನೂ ಹೇಳಿದೆ. ಅವರು ಕೈ ಚಾಚಿ ನನ್ನ ಕೊರಳಿನ ತಾಳಿಯನ್ನು ತಡವಿ ನೋಡಿದರು.

'ನೀ ನಿನ್ನ ಗಂಡನ ಹೆಸರು ಹೇಳ್ತೀಯೇನವ್ವಾ?'

ಇಲ್ಲ ಎಂದೆ. ಮದುವೆಯಾಗಿ ಮೂವತ್ತು ವರ್ಷ ದಾಟಿತ್ತು. ಮನೆಯಲ್ಲಿ ನಮ್ಮವರು ಎಂದರೆ ನಮ್ಮವರು. ಬ್ಯಾಂಕಿನಲ್ಲಿ ಕೇಳಿದರೆ ಬರೆದು ತೋರಿಸುತ್ತಿದ್ದೆ. ಬರೆಯಲು ಬರುತ್ತಿದ್ದುದರಿಂದ ನನ್ನ ಮರ್ಯಾದೆ ಉಳಿದಿತ್ತು.

'ಮತ್ತ ನನಗ ಹ್ಯಾಂಗ ಕೇಳ್ದಿ?'

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಅವರಿಗೆ ನಿಜವಾಗಿಯೂ ತಿಳಿಯಬೇಕಿತ್ತು. ನಾನು ಅವರ ಕೈ ಹಿಡಿದುಕೊಂಡು ಅತ್ತೆ. ಇನ್ನೊಬ್ಬ ನಾಗಮ್ಮ ಈಗ ಸೂಜಿಗೆ ದಾರ ಪೋಣಿಸುತ್ತಾಳಂತೆ, ಅಷ್ಟಾದರೂ ಆಯಿತಲ್ಲ ಎಂದು ಅವರೇ ನನಗೆ ಸಮಾಧಾನ ಹೇಳಿದರು.

ಅವರು ಇನ್ನೂ ಮೂರು ದಿನ ಆಸ್ಪತ್ರೆಯಲ್ಲಿದ್ದರು. ಆ ಮೂರು ದಿನ ನಾನು ಸ್ಕ್ರಿಪ್ಟನ್ನು ಬಿಚ್ಚಿ ಹೊಸದಾಗಿ ಬರೆದೆ. ಈ ಸಲ ಹುಡುಕಿ ಬದಲಿಸುವ ಅವಸರವಿಲ್ಲ. ಒಂದೊಂದೇ ತಪಾಸಣೆ ತೆಗೆದು, ಮೆಹಬೂಬ್ ಸಾಬರನ್ನು ಪಕ್ಕದಲ್ಲಿ ಕೂಡಿಸಿಕೊಂಡು, ಇದು ಖಾಲಿಯಿದ್ದರೆ ಯಾರಿಗೆ ಏಟು ಬೀಳುತ್ತದೆ, ಇದನ್ನು ತುಂಬಲೇಬೇಕೆಂದರೆ ಯಾರು ಸುಳ್ಳು ಬರೆಯಬೇಕಾಗುತ್ತದೆ ಎಂದು ಕೇಳುತ್ತ ಹೋದೆ. ಯಾವ ಕಣ್ಣು ಎಂಬುದು ಗೊತ್ತಿಲ್ಲದೆ ಮುಂದೆ ಹೋಗುವಂತಿಲ್ಲ, ಅಲ್ಲಿ ಎರರ್ ಇಟ್ಟೆ. ಸಕ್ಕರೆಗೂ ಎರರ್. ಊರಿಗೂ ಎರರ್, ಊರು ಗೊತ್ತಿಲ್ಲದಿದ್ದರೆ ವ್ಯಾನು ಎಲ್ಲಿಗೆ ಹೋಗಬೇಕು? ಗಂಡನ ಹೆಸರಿಗೆ ಬರಿಯ ವಾರ್ನಿಂಗ್. ಇಬ್ಬರು ಒಂದೇ ಥರ ಕಂಡರೂ ವಾರ್ನಿಂಗ್, ಅಳಿಸಲು ಯಾರಿಗೂ ಅಧಿಕಾರವಿಲ್ಲ. ಆ ಊರಿಗೆ ಫೋನ್ ಮಾಡಿ ಒಬ್ಬರೋ ಇಬ್ಬರೋ ಎಂದು ಕೇಳಬೇಕು. ಹಳದಿ ಸಾಲುಗಳು ಈಗ ಕೆಲವೇ ಇದ್ದವು. ದಿನಾ ಸಂಜೆ ನಾಲ್ಕಕ್ಕೆ ಅವುಗಳನ್ನು ನಾನು ಗಟ್ಟಿಯಾಗಿ ಓದುವುದು, ಸಾಬರು ಕೇಳಿ ಪೆನ್ನಿನಿಂದ ಗುರುತು ಹಾಕುವುದು ಎಂದು ನಿಯಮ ಮಾಡಿಕೊಂಡೆವು. ಹಳೆಯ ಪಟ್ಟಿಗಳನ್ನೂ ತೆಗೆದು, ಊರೂರಿಗೆ ಫೋನ್ ಮಾಡಿ, ಸಾಲು ಅಳಿಸಿಹೋಗಿದ್ದವರನ್ನು ಹುಡುಕಿದೆವು. ಇನ್ನೂ ನಾಲ್ವರು ಸಿಕ್ಕರು. ಅವರಿಗೆ ಹೊತ್ತು ಮೀರಿರಲಿಲ್ಲ.

ಹೊಸದಾಗಿ ಈ ಕೆಲಸಕ್ಕೆ ಬರುವವರಿಗೆ ನಾನು ಹೇಳುವುದು ಇಷ್ಟೇ. ಎರರ್ ಎಂದು ಬರೆಯುವಾಗ ನೀವು ಮಷೀನನ್ನು ನಿಲ್ಲಿಸುತ್ತಿಲ್ಲ, ಅದರ ಮುಂದೆ ಸಾಲಿನಲ್ಲಿ ನಿಂತ ಒಬ್ಬರನ್ನು ನಿಲ್ಲಿಸುತ್ತಿದ್ದೀರಿ. ವಾರ್ನಿಂಗ್ ಎಂದು ಬರೆಯುವಾಗ, ಇದನ್ನು ನಾನು ಓದುತ್ತೇನೆ ಎಂದು ಮಾತು ಕೊಡುತ್ತಿದ್ದೀರಿ. ಓದಲು ಆಗದಿದ್ದರೆ ಬರೆಯಬೇಡಿ.

ನಾಗಮ್ಮ ಊರಿಗೆ ಹೊರಟ ದಿನ ಅವರ ಬಿಡುಗಡೆ ಚೀಟಿಯನ್ನು ನಾನೇ ತಯಾರು ಮಾಡಿದೆ. ಹೊಸ ಸ್ಕ್ರಿಪ್ಟಿನಲ್ಲಿ ಓಡಿದ ಮೊದಲ ಸಾಲು ಅವರದು. ಗಂಡನ ಹೆಸರಿನ ಖಾನೆಯಲ್ಲಿ ಇದ್ದ ಸಂಗತಿಯನ್ನೇ ಬರೆದೆ. ಅದು ಹೆಸರಲ್ಲವೆಂದು ಕೆಳಗೆ ಹಳದಿ ಸಾಲು ಬಂತು, ಕೆಲಸ ಮುಂದೆ ಹೋಯಿತು. ಏನು ಬರೆದಿದ್ದೀ ಓದು ಎಂದು ಅವರು ಕೇಳಿದರು. ಹೆಸರು ನಾಗಮ್ಮ, ಊರು ಇಂಥದು, ಬಲಗಣ್ಣು, ಗಂಡನ ಹೆಸರು ಹೇಳಲಿಲ್ಲ ಎಂದು ಓದಿದೆ.

'ಖರೇ ಬರದಿ ನೋಡು' ಎಂದರು. ಮುಖದ ತುಂಬ ನಗು ಇತ್ತು. 'ಕೊಡಿಲ್ಲಿ.'

ಚೀಟಿ ತೆಗೆದುಕೊಳ್ಳಲು ಚಾಚಿದ ಅವರ ಕೈ ಒಂದು ಗೇಣು ಪಕ್ಕಕ್ಕೆ ಬಂದು ನಿಂತಿತು. ನಾನು ಚೀಟಿಯನ್ನು ಆ ಕೈ ಇದ್ದಲ್ಲಿಗೆ ಒಯ್ದೆ.